ಕಾಲೇಜು ಎಲೆಕ್ಷನ್ನಿಗೆ ನಿಂತಾಗ ಮೈ-ಮನಸ್ಸು ಕಾಯ್ದುಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಕಾಲೇಜುಗಳಲ್ಲಿ ಚುನಾವಣೆಗೆ ನಿಲ್ಲುವವರು, ಅವರ ಜೊತೆ ಓಡಾಡುವ ಗೆಳೆಯರು, ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಗೆಲ್ಲುವ ಉಪಾಯಗಳು ಇಲ್ಲಿ ಸಿಗುವುದಿಲ್ಲ. ಎಣಿಕೆ ಮುಗಿದ ಮರುದಿನ ನಿಮ್ಮ ಗಂಟಲು, ಹಾಜರಾತಿ, ಗೆಳೆತನ, ಜೇಬು ನೆಟ್ಟಗಿರಬೇಕು ಎಂಬುದಷ್ಟೇ ನಮ್ಮ ಕಾಳಜಿ. ಅದಕ್ಕೆ ಬೇಕಾದ ಹೆಚ್ಚಿನ ತೀರ್ಮಾನಗಳನ್ನು ನಾಮಪತ್ರಕ್ಕೆ ಸಹಿ ಹಾಕುವ ಮೊದಲೇ ಮಾಡಿಬಿಡಬೇಕು. ಪ್ರಚಾರ ಶುರುವಾದ ಮೇಲೆ ಕೂತು ಯೋಚಿಸಲು ಯಾರೂ ಬಿಡುವುದಿಲ್ಲ.

## ನಾಮಪತ್ರಕ್ಕೆ ಮೊದಲು

ಕರ್ನಾಟಕದಾಗ ಸ್ಟೂಡೆಂಟ್ ಎಲೆಕ್ಷನ್ ಬಂದ್ ಆಗಿ ಭಾಳ ವರ್ಷ ಆಗ್ಯಾದಲ್ರಿ, ಮತ್ತ ಇದೆಲ್ಲಾ ಯಾರಿಗಿ?

ರಾಜ್ಯದ ಕಾಲೇಜುಗಳಲ್ಲಿ ಸಂಘಟನೆಗಳು ಎದುರುಬದುರು ನಿಂತು ನಡೆಸುತ್ತಿದ್ದ ನೇರ ಚುನಾವಣೆ 1980ರ ದಶಕದ ಕೊನೆಗೆ ನಿಂತಿತು, ನಿಜ. ಆದರೆ ತರಗತಿಯ ಪ್ರತಿನಿಧಿ (ಸಿಆರ್), ಕಾಲೇಜು ಯೂನಿಯನ್ನಿನ ಕಾರ್ಯದರ್ಶಿ, ಹಾಸ್ಟೆಲ್ ಮೆಸ್ ಸಮಿತಿ ಎಂದು ಒಳಗೊಳಗೆ ಮತ ಹಾಕಿ ಆರಿಸುವುದು ಹಲವು ಕಡೆ ನಡೆದೇ ಇದೆ. ಬೀದರ್, ಕಲಬುರಗಿಯಿಂದ ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಓದಲು ಹೋದವರು ಅಲ್ಲಿ ಪೂರ್ಣಪ್ರಮಾಣದ ವಿದ್ಯಾರ್ಥಿ ಸಂಘದ ಚುನಾವಣೆಯನ್ನೇ ಎದುರಿಸುತ್ತಾರೆ. ಅರವತ್ತು ಮಂದಿಯ ಕ್ಲಾಸಿನಲ್ಲಿ ಸಿಆರ್ ಆಗಲು ನಿಂತವರಿಗೂ ನಿದ್ದೆ ಕೆಡುತ್ತದೆ, ಗೆಳೆಯರ ನಡುವೆ ಬಿರುಕು ಬರುತ್ತದೆ. ಹಾಗಾಗಿ ಚುನಾವಣೆ ಚಿಕ್ಕದಿರಲಿ, ದೊಡ್ಡದಿರಲಿ, ಮುಂದಿನ ಉತ್ತರಗಳು ಅನ್ವಯಿಸುತ್ತವೆ.

ಇದು ಎಷ್ಟು ದಿನದ ಕೆಲಸ? ಓದಿಗೆ ಎಷ್ಟು ಹೊಡೆತ ಬೀಳ್ತದ?

ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಅವರ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2006ರಲ್ಲಿ ಜಾರಿಗೊಳಿಸಲು ಹೇಳಿತು. ಅದರ ಪ್ರಕಾರ ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲವೂ 10 ದಿನದೊಳಗೆ ಮುಗಿಯಬೇಕು. ಅಭ್ಯರ್ಥಿಗೆ ವಿಶ್ವವಿದ್ಯಾಲಯ ನಿಗದಿಪಡಿಸಿದ ಹಾಜರಾತಿ ಅಥವಾ ಶೇ 75, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಇರಬೇಕು, ಆ ವರ್ಷ ಯಾವ ವಿಷಯವೂ ಬಾಕಿ ಉಳಿದಿರಬಾರದು. ವಾಸ್ತವದಲ್ಲಿ ಮಾತುಕತೆ, ಒಲಿಸುವುದು, ಮುನಿಸು, ಗೆದ್ದ ಅಥವಾ ಸೋತ ನಂತರದ ಸುಸ್ತು ಎಲ್ಲ ಸೇರಿ ಮೂರು ವಾರ ಹೋಗುತ್ತದೆ ಎಂದೇ ಲೆಕ್ಕ ಹಾಕಿ.

ಹಾಜರಾತಿಯನ್ನು ವಿಷಯವಾರು ಲೆಕ್ಕ ಮಾಡಿ ನೋಡಿ. ಒಂದು ವಿಷಯಕ್ಕೆ ಸೆಮಿಸ್ಟರಿನಲ್ಲಿ 60 ತರಗತಿ ಇದ್ದರೆ ಶೇ 75 ಎಂದರೆ 45. ತಪ್ಪಿಸಬಹುದಾದದ್ದು 15 ಮಾತ್ರ. ಪ್ರಚಾರದಲ್ಲಿ 8 ಹೋದರೆ ಜ್ವರ, ಮದುವೆ, ಜಾತ್ರೆ, ಬಸ್ ತಪ್ಪಿದ್ದು ಎಲ್ಲದಕ್ಕೂ ಉಳಿಯುವುದು 7. ವಾರಕ್ಕೆ ಎರಡೇ ಗಂಟೆ ಇರುವ ಪ್ರಾಕ್ಟಿಕಲ್‌ಗಳಲ್ಲಿ ಈ ಅಂಚು ಇನ್ನೂ ತೆಳ್ಳಗಿರುತ್ತದೆ, ಬಹಳ ಜನ ಸಿಕ್ಕಿಬೀಳುವುದೇ ಅಲ್ಲಿ. ಯಾವ ವಿಷಯದ ತರಗತಿ ಏನಾದರೂ ತಪ್ಪಿಸುವುದಿಲ್ಲ ಎಂಬುದನ್ನು ಮೊದಲೇ ಬರೆದು ನಿಮ್ಮ ತಂಡದವರ ಕೈಗೆ ಕೊಡಿ. ಆ ಹೊತ್ತಿನಲ್ಲಿ ನಿಮ್ಮನ್ನು ಕರೆಯಬಾರದು ಎಂದು ಅವರಿಗೆ ಗೊತ್ತಿರಬೇಕು.

ಎಲ್ಲರೂ ನೀನೇ ನಿಲ್ಲು ಅಂತಾರ. ನನಗ ಪೂರ್ತಿ ಮನಸ್ಸಿಲ್ಲ. ಏನ್ ಮಾಡ್ಲಿ?

ಎರಡು ದಿನ ಕೇಳಿ ತೆಗೆದುಕೊಳ್ಳಿ. ಕ್ಯಾಂಟೀನಿನಲ್ಲಿ ಹತ್ತು ಜನರ ಮುಂದೆ ಹೇಳಿದ 'ಹೂಂ' ಆಮೇಲೆ ಬಿಡಿಸಿಕೊಳ್ಳಲಾಗದ ಗಂಟಾಗುತ್ತದೆ. ಆ ಎರಡು ದಿನದಲ್ಲಿ ಮೂರು ಸಂಗತಿ ನೋಡಿ. ಪ್ರಚಾರದ ವಾರದಲ್ಲಿ ಇಂಟರ್ನಲ್ ಪರೀಕ್ಷೆ ಇದೆಯೇ? ನಿಮ್ಮ ಕೈಯಿಂದ ಎಷ್ಟು ದುಡ್ಡು ಹೋದರೆ ಮನೆಗೆ ತೊಂದರೆ ಆಗುವುದಿಲ್ಲ? ಸೋತರೆ ಯಾರ ಎದುರು ಕೂತು ಅಳಬಹುದು? ಮೂರನೆಯದಕ್ಕೆ ಒಂದು ಹೆಸರೂ ಹೊಳೆಯದಿದ್ದರೆ ಈ ವರ್ಷ ನಿಲ್ಲಬೇಡಿ ಎಂಬುದು ನಮ್ಮ ಸಲಹೆ. ಬೇರೆಯವರ ಪರ ಕೆಲಸ ಮಾಡಿ, ಅನುಭವ ಬರುತ್ತದೆ.

ಅಸ್ತಮಾ, ಮೂರ್ಛೆರೋಗ, ಥೈರಾಯ್ಡ್, ಖಿನ್ನತೆ ಹೀಗೆ ಯಾವುದಕ್ಕಾದರೂ ಗುಳಿಗೆ ನಡೆಯುತ್ತಿದ್ದರೆ ಒಂದು ದಿನವೂ ಬಿಡಬೇಡಿ, ಹದಿನೈದು ದಿನದ್ದನ್ನು ಮೊದಲೇ ತಂದಿಟ್ಟುಕೊಳ್ಳಿ. ಮೂರ್ಛೆರೋಗ ಇರುವವರಿಗೆ ನಿದ್ದೆಗೇಡೇ ಫಿಟ್ಸ್ ಬರಿಸಬಲ್ಲದು. ಅಂಥವರು ರಾತ್ರಿ ಪ್ರಚಾರವನ್ನು ಪೂರ್ತಿ ಬಿಡಬೇಕು.

ಮನ್ಯಾಗ ಹೇಳಿಲ್ಲ. ಹೇಳಿದ್ರ ಬ್ಯಾಡ ಅಂತಾರ, ಅದ್ರಾಗೂ ನಾ ಹುಡುಗಿ.

ಹೇಳಿ. ಊರಿನವರೊಬ್ಬರು ವಾಟ್ಸಾಪ್ ಸ್ಟೇಟಸ್ ನೋಡಿ ಅಪ್ಪನಿಗೆ ಫೋನ್ ಮಾಡಿದ ಮೇಲೆ ಹೇಳುವುದಕ್ಕಿಂತ ಈಗ ಹೇಳುವುದು ಸುಲಭ. 'ಲೀಡರ್ ಆಗ್ತೀನಿ' ಎಂದು ಶುರು ಮಾಡಿದರೆ ಮನೆಯವರ ಕಣ್ಣಿಗೆ ಜಗಳ, ಪೊಲೀಸು ಕಾಣುತ್ತದೆ. ಅವರಿಗೆ ಬೇಕಾಗಿರುವುದು ವಿವರ: ಎಷ್ಟು ದಿನ, ಕಾಲೇಜಿನ ಒಳಗೋ ಹೊರಗೋ, ಜೊತೆಗೆ ಯಾರ್ಯಾರು, ಸಂಜೆ ಯಾವ ಬಸ್ಸಿಗೆ ಮನೆಗೆ ಬರುತ್ತೀರಿ, ಯಾವ ಮೇಡಂ ಅಥವಾ ಸರ್‌ಗೆ ಫೋನ್ ಮಾಡಿ ಕೇಳಬಹುದು. ಮೊದಲು ಅವ್ವನಿಗೋ ಅಕ್ಕನಿಗೋ ಹೇಳಿ, ಅಪ್ಪನಿಗೆ ಹೇಳುವಾಗ ಅವರೂ ಜೊತೆಗಿರಲಿ. ಹಳ್ಳಿಯಿಂದ ದಿನಾ ಓಡಾಡುವವರು ಕೊನೆಯ ಬಸ್ಸನ್ನಲ್ಲ, ಅದರ ಹಿಂದಿನ ಬಸ್ಸನ್ನು ತಮ್ಮ ಗಡಿ ಮಾಡಿಕೊಳ್ಳಬೇಕು. ಕೊನೆಯ ಬಸ್ ನಂಬಿಕೊಂಡ ದಿನ ಅದೇ ತಪ್ಪುತ್ತದೆ.

## ದಿನಚರಿ: ನಿದ್ದೆ, ಊಟ, ದನಿ

ನಾಮಿನೇಷನ್ ಹಾಕಿದ ದಿನದಿಂದ ನಿದ್ದಿನೇ ಬರ್ತಾ ಇಲ್ಲ.

ಈ ವಯಸ್ಸಿನವರಿಗೆ ರಾತ್ರಿ 7ರಿಂದ 9 ಗಂಟೆ ನಿದ್ದೆ ಬೇಕು. ಪ್ರಚಾರದಲ್ಲಿ ಅದು ಕೆಡುವುದು ಕೆಲಸದ ಹೊರೆಯಿಂದ ಕಡಿಮೆ, ರಾತ್ರಿ ಹನ್ನೊಂದರ ಮೇಲೆ ಗ್ರೂಪುಗಳಲ್ಲಿ ನಡೆಯುವ ಲೆಕ್ಕಾಚಾರದಿಂದ ಹೆಚ್ಚು. 'ಬಿಎ ಸೆಕೆಂಡ್ ಇಯರ್ ಪೂರಾ ನಮ್ಮ ಕಡೆ', 'ಇಲ್ಲ, ಆ ಹಾಸ್ಟೆಲ್ ಹೋಯಿತು' ಎಂಬ ಆ ಮಾತುಗಳಿಂದ ಒಂದು ಮತವೂ ಅತ್ತಿತ್ತ ಆಗುವುದಿಲ್ಲ. ರಾತ್ರಿ ಹತ್ತೂವರೆಗೆ ಫೋನನ್ನು ತಂಡದ ಒಬ್ಬರಿಗೆ ಒಪ್ಪಿಸಿ. ನಿಜವಾಗಿ ತುರ್ತು ಇದ್ದರೆ ಅವರು ಎಬ್ಬಿಸುತ್ತಾರೆ.

ಮಲಗುವ ಮುಂಚೆ ನಾಳೆಯ ಕೆಲಸಗಳನ್ನು ಹಾಳೆಯ ಮೇಲೆ ಬರೆಯಿರಿ. ಮರೆತೀನು ಎಂಬ ಭಯಕ್ಕೇ ತಲೆ ಅವನ್ನು ಉರುಹೊಡೆಯುತ್ತಾ ಎಚ್ಚರ ಇರುತ್ತದೆ, ಬರೆದಿಟ್ಟರೆ ಬಿಡುತ್ತದೆ. ಎಷ್ಟೇ ತಡವಾಗಿ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ. ಮಧ್ಯಾಹ್ನ 20 ನಿಮಿಷ ಒರಗಿಕೊಳ್ಳಬಹುದು, ಒಂದು ಗಂಟೆ ಮಲಗಿದರೆ ಆ ರಾತ್ರಿ ಮತ್ತೆ ಕೆಡುತ್ತದೆ. ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಹತ್ತದಿದ್ದರೆ ಎದ್ದು ಕೂತು, ಮಂದ ಬೆಳಕಿನಲ್ಲಿ ಏನಾದರೂ ಓದಿ, ಜೊಂಪು ಬಂದಾಗ ಹಾಸಿಗೆಗೆ ಹೋಗಿ.

ಒಂದು ವಿಷಯದಲ್ಲಿ ನಮ್ಮದು ಹಟವೇ. ನಿದ್ದೆಗೆಟ್ಟವರು ರಾತ್ರಿ ಬೈಕ್ ಹೊಡೆಯಬಾರದು. ಬೆಳಿಗ್ಗೆ ಆರಕ್ಕೆ ಎದ್ದು ರಾತ್ರಿ ಹನ್ನೊಂದರವರೆಗೆ ಎಚ್ಚರ ಇದ್ದವರ ಕೈಕಾಲಿನ ಚುರುಕು ಕುಡಿದವರಷ್ಟೇ ಮಂದವಾಗಿರುತ್ತದೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಿಂದ ಆಳಂದ ರಸ್ತೆ ಹಿಡಿದು ಕಲಬುರಗಿಗೆ ಬರುವವರು, ಸೇಡಂ ರಸ್ತೆಯ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಕ್ಯಾಂಪಸ್ಸಿನಿಂದ ಊರಿಗೆ ಹೊರಡುವವರು ರಾತ್ರಿ ಹಾಸ್ಟೆಲಿನಲ್ಲೇ ಉಳಿಯಲು ಮೊದಲೇ ಅನುಮತಿ ಕೇಳಿಟ್ಟುಕೊಳ್ಳಿ.

ಹಗಲೆಲ್ಲಾ ಬರೇ ಚಾ, ಮಿರ್ಚಿ ಭಜಿ ಮ್ಯಾಲೇ ನಡೀತಾದ. ಹೊಟ್ಟಿ ಉರಿ ಶುರು ಆಗ್ಯಾದ.

ಯಾವ ಟೋಳಿಯ ಹತ್ತಿರ ಹೋದರೂ 'ಚಾ ಕುಡೀರಿ' ಅನ್ನುತ್ತಾರೆ, ಬೇಡ ಎಂದರೆ ಸೊಕ್ಕು ಎಂದುಕೊಳ್ಳುತ್ತಾರೆ. ಒಂದು ಲೋಟಕ್ಕೆ 'ಅರ್ಧ ಚಾ ಸಾಕ್ರಿ' ಎನ್ನುವುದು ಎಲ್ಲರೂ ಒಪ್ಪುವ ದಾರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಕಾರ ಒಂದು ಕಪ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ, ದಿನಕ್ಕೆ 300 ಮಿಲಿಗ್ರಾಂ ದಾಟಬಾರದು. ಅಂದರೆ ಕಡಕ್ ಚಹಾ ಐದು ಲೋಟಕ್ಕೆ ಮಿತಿ ಮುಟ್ಟುತ್ತದೆ. ಕುಡಿದ ಐದು ಗಂಟೆಯ ಮೇಲೂ ಅದರ ಅರ್ಧ ಮೈಯಲ್ಲೇ ಇರುವುದರಿಂದ ಸಂಜೆ ಐದರ ನಂತರದ ಚಹಾ ನೇರವಾಗಿ ನಿದ್ದೆಗೆ ಹೋಗಿ ತಗಲುತ್ತದೆ. ಊಟದ ಹಿಂದೆ-ಮುಂದೆ ಒಂದು ಗಂಟೆ ಚಹಾ ಬೇಡ, ಊಟದ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ರಕ್ತಹೀನತೆ ಇರುವ ಹುಡುಗಿಯರಿಗೆ ಇದು ಮುಖ್ಯ.

ಬೆಳಿಗ್ಗೆ ನಾಷ್ಟಾ ಮಾಡದೆ ಹೊರಡಬೇಡಿ. ಮನೆಯಿಂದ ಬರುವವರು ಎರಡು ರೊಟ್ಟಿ, ಪಲ್ಯ ಕಟ್ಟಿಕೊಂಡು ಬನ್ನಿ. ಬ್ಯಾಗಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಹಿಡಿ ಪುಟಾಣಿ-ಬೆಲ್ಲ ಇದ್ದರೆ ಎರಡು-ಮೂರು ದಿನ ಕೆಡುವುದಿಲ್ಲ, ಮೆಸ್ ತಪ್ಪಿದ ಹೊತ್ತಿಗೆ ಕೈಹಿಡಿಯುತ್ತದೆ. ಹಾಸ್ಟೆಲ್ ಮೆಸ್ಸಿನಲ್ಲಿ ರಾತ್ರಿ ಊಟದ ಹೊತ್ತು ಮುಗಿದರೆ ತಟ್ಟೆ ತೆಗೆದಿಡಲು ರೂಮ್‌ಮೇಟಿಗೆ ಹೇಳಿರಿ. ಹೊಟ್ಟೆಯುರಿಗೆ ಖಾಲಿಹೊಟ್ಟೆಯ ಚಹಾ ಮತ್ತು ತಲೆನೋವಿಗೆಂದು ಮೇಲಿಂದ ಮೇಲೆ ನುಂಗುವ ನೋವಿನ ಗುಳಿಗೆಗಳೇ ಹೆಚ್ಚಿನ ಸಲ ಕಾರಣ. ಊಟವಾದ ಮೇಲೆ ಒಂದು ಲೋಟ ಮಜ್ಜಿಗೆ ಕುಡಿಯಿರಿ. ಮಲ ಕಪ್ಪಗಾದರೆ, ವಾಂತಿಯಲ್ಲಿ ರಕ್ತ ಕಂಡರೆ ಅದೇ ದಿನ ಡಾಕ್ಟರಿಗೆ ತೋರಿಸಿ.

ಮೂರನೇ ದಿನಕ್ಕೆ ದನಿನೇ ಕುಂತುಬಿಡ್ತು. ಭಾಷಣ ನಾಳಿ ಅದ.

ಕ್ಯಾಂಪಸ್ ಪ್ರಚಾರಕ್ಕೆ ಲೌಡ್‌ಸ್ಪೀಕರ್ ಬಳಸುವಂತಿಲ್ಲ ಎನ್ನುತ್ತದೆ ಲಿಂಗ್ಡೋ ನಿಯಮ. ಹೀಗಾಗಿ ಪೂರ್ತಿ ಭಾರ ಗಂಟಲಿನ ಮೇಲೆ ಬೀಳುತ್ತದೆ. ನಮ್ಮ ಕಡೆಯ ಹಳೆಯ ಕಟ್ಟಡಗಳ ವರಾಂಡಗಳನ್ನು ನೋಡಿ: ನೆಲಕ್ಕೆ ಶಹಾಬಾದ್ ಪರಸಿ, ಮೂರು ಕಡೆ ಗೋಡೆ. ಮಾತು ತಿರುಗಿ ಬಂದು ಮಾತಿನ ಮೇಲೇ ಬೀಳುತ್ತದೆ, ಯಾರಿಗೂ ಸರಿಯಾಗಿ ಕೇಳುವುದಿಲ್ಲ, ನೀವು ಇನ್ನೂ ಜೋರು ಮಾಡುತ್ತೀರಿ. ಎರಡು ಧ್ವನಿತಂತುಗಳು ಒಂದಕ್ಕೊಂದು ರಭಸವಾಗಿ ಬಡಿದುಕೊಂಡು ಊದಿಕೊಳ್ಳುತ್ತವೆ, ದನಿ ಒಡೆಯುತ್ತದೆ.

ಇವತ್ತೇ ಮಾತು ನಿಲ್ಲಿಸಿ. ಪಿಸುಮಾತೂ ಬೇಡ, ಬಿಗಿಹಿಡಿದು ಪಿಸುಗುಟ್ಟುವುದು ಗಂಟಲಿಗೆ ಮಾಮೂಲಿ ಮಾತಿಗಿಂತ ಹೆಚ್ಚು ಎಳೆತ ಕೊಡಬಹುದು. ಹೇಳಬೇಕಾದ್ದನ್ನು ಫೋನಿನಲ್ಲಿ ಬರೆದು ತೋರಿಸಿ. ಗಂಟೆಗೊಮ್ಮೆ ಒಂದು ಲೋಟ ನೀರು ಕುಡಿಯಿರಿ. ದಿನಕ್ಕೆ ಎರಡು ಸಲ ಐದು-ಹತ್ತು ನಿಮಿಷ ಬಿಸಿನೀರಿನ ಆವಿ ತೆಗೆದುಕೊಳ್ಳಿ, ಅದಕ್ಕೆ ಮುಲಾಮು ಸೇರಿಸುವುದು ಬೇಡ. ಗಂಟಲು ಕೆರೆಯುತ್ತಿದ್ದರೆ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿ. 'ಖ್ಖ' ಎಂದು ಕ್ಯಾಕರಿಸಿ ಸ್ವಚ್ಛ ಮಾಡಿಕೊಳ್ಳುವ ಚಟವನ್ನು ಬಿಡಿ, ಬದಲಿಗೆ ಒಂದು ಗುಟುಕು ನೀರು ನುಂಗಿ. ಗುಟ್ಕಾ, ಸಿಗರೇಟು ದೂರ ಇರಲಿ. ಇಷ್ಟು ಮಾಡಿದರೆ ಮರುದಿನ ಐದು ನಿಮಿಷದ ಭಾಷಣಕ್ಕೆ ದನಿ ಮರಳುವ ಸಾಧ್ಯತೆ ಇದೆ. ಮರಳದಿದ್ದರೆ ಭಾಷಣವನ್ನು ಬರೆದು ಜೊತೆಗಾರರಿಂದ ಓದಿಸಿ, ಪಕ್ಕದಲ್ಲಿ ನಿಂತಿರಿ.

ಮುಂದಿನ ಸಲಕ್ಕೆ ಹೇಳುವುದಾದರೆ, ಅಭ್ಯರ್ಥಿ ಘೋಷಣೆ ಕೂಗಬಾರದು, ಅದು ಬೇರೆಯವರ ಕೆಲಸ. ಎಂಟು-ಹತ್ತು ಜನರ ಗುಂಪಿನ ಹತ್ತಿರ ಹೋಗಿ, ಮಾಮೂಲಿ ದನಿಯಲ್ಲಿ ಮಾತಾಡಿ. ಮತ ಬೀಳುವುದೂ ಅಲ್ಲೇ. ದನಿ ಎರಡು ವಾರವಾದರೂ ಸರಿಯಾಗದಿದ್ದರೆ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಬೇಕು. ಉಸಿರಾಡಲು, ನುಂಗಲು ಕಷ್ಟವಾದರೆ ಅಷ್ಟು ದಿನ ಕಾಯಬೇಡಿ.

ಪ್ರಚಾರದಾಗ ಟಾಯ್ಲೆಟ್‌ದೇ ಚಿಂತಿ. ಮತದಾನದ ದಿನಾನೇ ಪೀರಿಯಡ್ಸ್ ಬೇರೆ. ಮುಂದ ಹಾಕೋ ಗುಳಿಗಿ ತಗೋಬಹುದಾ?

ಶೌಚಾಲಯ ಸರಿ ಇಲ್ಲವೆಂದು ನೀರನ್ನೇ ಕಡಿಮೆ ಕುಡಿಯುವುದು ಹುಡುಗಿಯರು ಮಾಡಿಕೊಳ್ಳುವ ದೊಡ್ಡ ತೊಂದರೆ. ಮೂತ್ರ ತಡೆದು ತಡೆದು ಸೋಂಕಾಗುತ್ತದೆ: ಉರಿ, ಮತ್ತೆ ಮತ್ತೆ ಹೋಗಬೇಕೆನಿಸುವುದು, ಕೆಳಹೊಟ್ಟೆ ನೋವು. ಜೊತೆಗೆ ಚಳಿಜ್ವರ ಅಥವಾ ಪಕ್ಕೆನೋವು ಬಂದರೆ ಸೋಂಕು ಮೂತ್ರಪಿಂಡ ಮುಟ್ಟಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ. ಕ್ಯಾಂಪಸ್ಸಿನಲ್ಲಿ ಯಾವ ಶೌಚಾಲಯಕ್ಕೆ ನೀರು ಬರುತ್ತದೆ, ಯಾವುದಕ್ಕೆ ಚಿಲಕ ಇದೆ ಎಂದು ಮೊದಲೇ ನೋಡಿಟ್ಟು, ಪ್ರಚಾರದ ದಾರಿಯನ್ನು ಅದರ ಸುತ್ತಲೇ ಹಾಕಿಕೊಳ್ಳಿ. ಪ್ಯಾಡನ್ನು 4ರಿಂದ 6 ಗಂಟೆಗೊಮ್ಮೆ ಬದಲಿಸಿ.

ಮುಟ್ಟು ಮುಂದೂಡುವ ಗುಳಿಗೆಯನ್ನು ನಿರೀಕ್ಷಿತ ದಿನಕ್ಕೆ ಸುಮಾರು ಮೂರು ದಿನ ಮೊದಲು ಶುರು ಮಾಡಬೇಕು. ಬಿಟ್ಟ ಎರಡು-ಮೂರು ದಿನಕ್ಕೆ ಮುಟ್ಟು ಬರುತ್ತದೆ. ರಕ್ತ ಹೆಪ್ಪುಗಟ್ಟಿದ ಹಿನ್ನೆಲೆ, ಯಕೃತ್ತಿನ ತೊಂದರೆ ಇರುವವರಿಗೆ ಅದು ಅಪಾಯ. ಗೆಳತಿ ಹೇಳಿದಳೆಂದು ಮೆಡಿಕಲ್ ಶಾಪಿನಿಂದ ತಂದು ನುಂಗಬೇಡಿ, ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ.

ಬಿಸಿಲಾಗ ತಲಿ ತಿರುಗಿ ಬಿದ್ರ?

ನೆರಳಿಗೆ ಸರಿಸಿ, ಕಾಲು ಎತ್ತರಿಸಿ ಮಲಗಿಸಿ, ಬಟ್ಟೆ ಸಡಿಲಿಸಿ. ಎಚ್ಚರ ಇದ್ದರೆ ಓಆರ್‌ಎಸ್ ಕೊಡಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ. ಇಲ್ಲಿ ಚಮಚ ಎಂದರೆ ಚಹಾ ಚಮಚ. ಮೈ ಕಾದು ಮಾತು ತೊದಲುತ್ತಿದ್ದರೆ ಬಾಯಿಗೆ ಏನೂ ಹಾಕದೆ, ಮೈಗೆ ನೀರು ಸುರಿದು ಗಾಳಿ ಹಾಕುತ್ತಾ 108ಕ್ಕೆ ಕರೆ ಮಾಡಿ.

## ದುಡ್ಡು, ಫೋನು, ಗೆಳೆಯರು

ಪಾರ್ಟಿ ಕೊಡ್ಲಿಕ್ಕೇ ಬೇಕು ಅಂತಾರ. ಕೈಯಾಗ ದುಡ್ಡಿಲ್ಲ, ಆ್ಯಪ್‌ನಾಗ ಸಾಲ ತಗೊಳ್ಲಾ?

ಬೇಡ. ಲಿಂಗ್ಡೋ ನಿಯಮದಲ್ಲಿ ಒಬ್ಬ ಅಭ್ಯರ್ಥಿಯ ಖರ್ಚಿನ ಮಿತಿ 5,000 ರೂಪಾಯಿ, ಫಲಿತಾಂಶ ಬಂದ ಎರಡು ವಾರದಲ್ಲಿ ಲೆಕ್ಕ ಒಪ್ಪಿಸಬೇಕು. ಮುದ್ರಿಸಿದ ಪೋಸ್ಟರ್, ಕರಪತ್ರಕ್ಕೆ ಅವಕಾಶ ಇಲ್ಲ, ಕೈಬರಹದವು ಮಾತ್ರ, ಅವೂ ಗುರುತಿಸಿದ ಜಾಗದಲ್ಲಿ. ಅಂದರೆ ಡ್ರಾಯಿಂಗ್ ಶೀಟು, ಮಾರ್ಕರು, ಅಂಟು ಬಿಟ್ಟರೆ ದೊಡ್ಡ ಖರ್ಚಿಗೆ ಕಾರಣವೇ ಇಲ್ಲ. ಈ ಮಿತಿಯನ್ನೇ ಗುರಾಣಿ ಮಾಡಿಕೊಳ್ಳಿ: 'ಲೆಕ್ಕ ಕೊಡಬೇಕು, ನಾಮಿನೇಷನ್ ರದ್ದಾಗ್ತದ' ಎಂದರೆ ಯಾರಿಗೂ ಅವಮಾನ ಆಗುವುದಿಲ್ಲ.

ಫೋನ್ ಆ್ಯಪಿನ ಸಾಲ ಕೊಡುವವರು ಬಹಳ ಸಲ ನಿಮ್ಮ ಕಾಂಟ್ಯಾಕ್ಟ್, ಫೋಟೋಗಳಿಗೆ ಅನುಮತಿ ಕೇಳುತ್ತಾರೆ. ಕಂತು ತಪ್ಪಿದಾಗ ಮತದಾರರಿಗೆಲ್ಲ ನಿಮ್ಮ ಹೆಸರಿನಲ್ಲಿ ಸಂದೇಶ ಹೋಗುತ್ತದೆ. ಮನೆಯಲ್ಲಿ ತೊಗರಿ ಮಾರಿದ ದುಡ್ಡು, ಸ್ಕಾಲರ್‌ಶಿಪ್ ಹಣ, ಪರೀಕ್ಷಾ ಶುಲ್ಕ ಈ ಮೂರನ್ನೂ ಮುಟ್ಟಬೇಡಿ. ದುಡ್ಡಿನ ಪುಸ್ತಕ ನಿಮ್ಮ ಕೈಯಲ್ಲಿರದೆ ಲೆಕ್ಕದಲ್ಲಿ ಗಟ್ಟಿಗರಾದ ಒಬ್ಬರ ಕೈಯಲ್ಲಿರಲಿ, ರಾತ್ರಿ ಎರಡು ನಿಮಿಷ ನೋಡಿದರೆ ಸಾಕು. ಹೊರಗಿನ ಲೀಡರ್ ಯಾರಾದರೂ ಖರ್ಚು ನೋಡಿಕೊಳ್ಳುತ್ತೇನೆ ಎಂದರೂ ಇದೇ ಉತ್ತರ. ರಾಜಕೀಯ ಪಕ್ಷದ ಹಣ ನಿಯಮಬಾಹಿರ, ಮೇಲಾಗಿ ಆ ಋಣ ಚುನಾವಣೆಯ ಜೊತೆ ಮುಗಿಯುವುದಿಲ್ಲ.

ಗ್ರೂಪ್‌ನಾಗ ನನ್ನ ಮ್ಯಾಲ ಕೆಟ್ಟದಾಗಿ ಬರೀತಾರ. ಒಂದು ಫೋಟೋನೂ ಎಡಿಟ್ ಮಾಡಿ ಬಿಟ್ಟಾರ.

ಟೀಕೆ, ಬೈಗುಳ, ಅಪರಾಧ ಮೂರೂ ಬೇರೆ ಬೇರೆ. 'ಈಕಿಗಿ ಮಾತಾಡ್ಲಿಕ್ಕ ಬರಲ್ಲ' ಎಂಬುದು ಟೀಕೆ, ಬಿಟ್ಟುಬಿಡಿ. ಬೈಗುಳಕ್ಕೆ ಉತ್ತರವನ್ನು ನೀವು ಕೊಡಬೇಡಿ, ತಂಡದವರು ಒಂದೇ ಸಲ ಸಭ್ಯವಾಗಿ ಕೊಡಲಿ. ಗ್ರೂಪುಗಳನ್ನು ನಿಮ್ಮ ಬದಲು ಒಬ್ಬರು ಓದಿ, ನಿಮಗೆ ಬೇಕಾದ್ದನ್ನು ಮಾತ್ರ ಹೇಳುವ ಏರ್ಪಾಡು ಎಲ್ಲಕ್ಕಿಂತ ಒಳ್ಳೆಯದು.

ತಿದ್ದಿದ ಫೋಟೋ, ಬೆದರಿಕೆ, ಲೈಂಗಿಕ ಮಾತು ಬಂದರೆ ಡಿಲೀಟ್ ಮಾಡುವ ಮುಂಚೆ ಸ್ಕ್ರೀನ್‌ಶಾಟ್ ತೆಗೆಯಿರಿ. ಅದರಲ್ಲಿ ಕಳಿಸಿದವರ ನಂಬರು, ದಿನಾಂಕ, ಹೊತ್ತು ಕಾಣಬೇಕು. ಬರೀ ಹೆಸರು ಕಂಡರೆ ಸಾಲದು, ಪ್ರೊಫೈಲ್ ತೆರೆದು ನಂಬರಿನದೂ ತೆಗೆಯಿರಿ. ಅದನ್ನು 'ನೋಡ್ರಿ ಹ್ಯಾಂಗ ಮಾಡ್ಯಾರ' ಎಂದು ಬೇರೆ ಗ್ರೂಪಿಗೆ ಕಳಿಸಬೇಡಿ, ನಾವೇ ಹರಡಿದಂತಾಗುತ್ತದೆ. ದೂರನ್ನು ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್ಲಿನಲ್ಲಿ ಅಥವಾ ಠಾಣೆಯಲ್ಲಿ ಕೊಡಬಹುದು, ಜೀವಬೆದರಿಕೆ ಇದ್ದರೆ ನೇರ 112. ಖಾಸಗಿ ಚಿತ್ರಗಳು ಹರಡದಂತೆ ತಡೆಯಲು 18 ದಾಟಿದವರಿಗೆ ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ಜಾಲತಾಣ ಇದೆ, ಅಲ್ಲಿ ಚಿತ್ರವನ್ನು ಕಳಿಸಬೇಕಾಗಿಲ್ಲ, ಅದರ ಅಂಕಿಗುರುತು ಮಾತ್ರ ಹೋಗುತ್ತದೆ. 18 ಆಗದವರು 1098ಕ್ಕೆ ಕರೆ ಮಾಡಲಿ. ಲೈಂಗಿಕ ಕಿರುಕುಳ ಮಾಡಿದವರು ಕಾಲೇಜಿನವರೇ ಆಗಿದ್ದರೆ ಆಂತರಿಕ ದೂರು ಸಮಿತಿಗೆ ಮೂರು ತಿಂಗಳೊಳಗೆ ಬರೆದು ಕೊಡಿ. ಇದನ್ನು 'ಎಲೆಕ್ಷನ್ ಮುಗಿಯಲಿ' ಎಂದು ಮುಂದೆ ಹಾಕಬೇಡಿ.

ನಮ್ಮ ಜಾತಿಯವರು ನೀ ನಮ್ಮ ಕ್ಯಾಂಡಿಡೇಟ್ ಅಂತಾರ, ಉಳಿದವರು ಅದಕ್ಕೇ ದೂರ ಸರೀತಾರ.

ಈ ಪ್ರಶ್ನೆ ಕೇಳುವವರ ದನಿಯಲ್ಲಿ ಸುಸ್ತು ಇರುತ್ತದೆ, ಇರಬೇಕಾದದ್ದೇ. ಹುಟ್ಟಿನ ಹೆಸರಿನಲ್ಲಿ ಅಪ್ಪಿಕೊಂಡರೂ ದೂಡಿದರೂ ನೀವು ಮಾಡಿದ ಕೆಲಸ ಎರಡೂ ಕಡೆ ಕಾಣೆಯಾಗುತ್ತದೆ. ಜಾತಿ, ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು ನೀತಿಸಂಹಿತೆ ನಿಷೇಧಿಸಿದೆ. ನಿಮ್ಮವರ ಗ್ರೂಪಿನಲ್ಲಿ ಅದನ್ನು ಒಂದೇ ಸಲ, ಬರಹದಲ್ಲಿ ಹೇಳಿಬಿಡಿ, ಆಮೇಲೆ ವಾದ ಬೇಡ. ಮೊದಲ ಎರಡು ದಿನ ನಿಮ್ಮವರಲ್ಲದ ಹಾಸ್ಟೆಲು, ತರಗತಿಗಳಿಗೇ ಹೋಗಿ. ಕನ್ನಡದ ಜೊತೆ ದಖನಿ ಉರ್ದು, ಮರಾಠಿ, ತೆಲುಗು, ಲಂಬಾಣಿ ಮನೆಮಾತಿನವರು ಒಂದೇ ಬೆಂಚಿನಲ್ಲಿ ಕೂರುವ ಊರುಗಳು ನಮ್ಮವು, ಅವರ ಮಾತಿನಲ್ಲಿ ನಾಲ್ಕು ಶಬ್ದ ಆಡಿದರೂ ಬಿಗಿ ಸಡಿಲುತ್ತದೆ. ಜಾತಿ ಎತ್ತಿ ನಿಂದಿಸಿದರೆ ಮಾತ್ರ ನುಂಗಿಕೊಳ್ಳಬೇಡಿ. ದಿನ, ಜಾಗ, ಆಡಿದ ಮಾತು, ಕೇಳಿಸಿಕೊಂಡವರ ಹೆಸರು ಅಂದೇ ಬರೆದಿಟ್ಟು ಕಾಲೇಜಿನ ಸಮಾನ ಅವಕಾಶ ಕೋಶಕ್ಕೆ ಕೊಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಇದೆ.

ನನ್ನ ಜೀವದ ಗೆಳೆಯ ಎದುರಿನವರ ಕಡೆ ಹೋಗ್ಯಾನ. ರೂಮ್‌ನಾಗ ಮಾತೇ ಇಲ್ಲ.

ರೂಮಿನೊಳಗೆ ಚುನಾವಣೆ ಮಾತು ಬಂದ್ ಎಂದು ಇಬ್ಬರೂ ಒಪ್ಪಂದ ಮಾಡಿಕೊಳ್ಳಿ. ಮಾತು ನೀವೇ ಶುರು ಮಾಡಿ: 'ನೀ ಯಾಕ ಹೋದಿ ಅಂತ ಕೇಳಲ್ಲ. ಊಟಕ್ಕ ಮೊದಲಿನಂಗೇ ಕೂಡಿ ಹೋಗಾಮು.' ಅವನ ಗುಟ್ಟುಗಳು ನಿಮಗೆ ಗೊತ್ತು, ನಿಮ್ಮವು ಅವನಿಗೆ ಗೊತ್ತು. ಅವನ್ನು ತಂಡದವರು ಎಷ್ಟೇ ಕೆದಕಿದರೂ ಹೊರಗೆ ಬಿಡಬೇಡಿ. ಮುರಿದ ಗೆಳೆತನಗಳಲ್ಲಿ ಬಹಳಷ್ಟು ಪಕ್ಷ ಬದಲಿಸಿದ್ದಕ್ಕಿಂತ ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಮುರಿದವು.

## ಮನಸ್ಸು

ಸ್ಟೇಜ್ ಮ್ಯಾಲ ನಿಂತ್ರ ಕೈಕಾಲು ನಡುಗ್ತಾವ, ಬಾಯಿ ಒಣಗ್ತಾದ.

ಮೊದಲ ನಾಲ್ಕು ವಾಕ್ಯ ಮಾತ್ರ ಬಾಯಿಪಾಠ ಇರಲಿ, ಉಳಿದದ್ದಕ್ಕೆ ಐದು ಶಬ್ದಗಳ ಚೀಟಿ ಸಾಕು. ಪೂರ್ತಿ ಭಾಷಣ ಉರುಹೊಡೆದವರು ಒಂದು ಶಬ್ದ ಮರೆತರೆ ನಿಂತುಬಿಡುತ್ತಾರೆ. ಹಿಂದಿನ ದಿನ ಖಾಲಿ ಸಭಾಂಗಣದಲ್ಲಿ ಅದೇ ಜಾಗದಲ್ಲಿ ನಿಂತು ಎರಡು ಸಲ ಗಟ್ಟಿಯಾಗಿ ಹೇಳಿ. ಹತ್ತುವ ಮುಂಚೆ ಮೂಗಿನಿಂದ ನಾಲ್ಕು ಎಣಿಸುತ್ತಾ ಉಸಿರು ಎಳೆದುಕೊಂಡು, ಬಾಯಿಂದ ಆರು ಎಣಿಸುತ್ತಾ ಬಿಡಿ, ಮೂರು ನಿಮಿಷ ಮಾಡಿ. ಬಿಡುವ ಉಸಿರು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ. ಹಾಳೆ ಹಿಡಿದರೆ ನಡುಕ ಎಲ್ಲರಿಗೂ ಕಾಣುತ್ತದೆ, ದಪ್ಪ ರಟ್ಟಿನ ಚೀಟಿ ಹಿಡಿಯಿರಿ.

ಒಮ್ಮಿಗೇ ಎದಿ ಬಡಕೊಂಡು, ಉಸಿರು ಕಟ್ಟಿದಂಗ ಆಗಿ, ಸತ್ತೇ ಹೋತೀನಿ ಅನಸ್ತು.

ಇದು ಪ್ಯಾನಿಕ್ ಅಟ್ಯಾಕ್ ಇರಬಹುದು. ಹತ್ತು ನಿಮಿಷದೊಳಗೆ ಏರಿ, ಅರ್ಧ ಗಂಟೆಯೊಳಗೆ ಇಳಿಯುವುದು ಅದರ ರೀತಿ. ಮೈ ನಡುಗುವುದು, ಬೆರಳು ಜುಮ್ಮೆನ್ನುವುದು ವೇಗದ ಉಸಿರಾಟದಿಂದ. ಅದನ್ನು ತಡೆಯಲು ಸೆಣಸಬೇಡಿ, ಕೂತು ಉದ್ದಕ್ಕೆ ಉಸಿರು ಬಿಡಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಮೆಲ್ಲಗೆ ಹೇಳಿ. ಆದರೆ ಮೊದಲ ಸಲ ಬಂದಾಗ, ಎದೆನೋವು ತೋಳಿಗೆ ಅಥವಾ ದವಡೆಗೆ ಹರಿದರೆ, ಪ್ರಜ್ಞೆ ತಪ್ಪಿದರೆ, ಅರ್ಧ ಗಂಟೆಗೂ ಇಳಿಯದಿದ್ದರೆ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಮನಸ್ಸಿನದೇ ಎಂದು ತೀರ್ಮಾನಿಸುವುದು ಡಾಕ್ಟರ ಕೆಲಸ.

ಇದು ಬರೇ ಟೆನ್ಷನ್ನಾ, ಇಲ್ಲಾ ಡಾಕ್ಟರಿಗಿ ತೋರಿಸ್ಬೇಕಾ? ಹೋದ್ರ ಹುಚ್ಚ ಅಂತಾರ.

ಟೆನ್ಷನ್ ಕಾರಣದ ಜೊತೆ ಬರುತ್ತದೆ, ಕಾರಣ ಸರಿದಾಗ ಇಳಿಯುತ್ತದೆ, ನಡುವೆ ನಗು, ಹಸಿವು ಇರುತ್ತದೆ. ಎರಡು ವಾರ ಸತತವಾಗಿ ಬೇಜಾರು ಅಥವಾ ಯಾವುದರಲ್ಲೂ ರುಚಿ ಇಲ್ಲದಿರುವುದು, ನಿದ್ದೆ-ಊಟ ಕೆಟ್ಟಿರುವುದು, ತಾನು ನಿಷ್ಪ್ರಯೋಜಕ ಎನಿಸುವುದು ಕಂಡರೆ ತೋರಿಸಬೇಕು. ಸಾಯುವ ಯೋಚನೆ ಬಂದರೆ ಎರಡು ವಾರದ ಲೆಕ್ಕವೂ ಬೇಡ, ಅಂದೇ ಹೇಳಿ. ಇನ್ನೊಂದು ಬಗೆ ಇದೆ: ಎರಡು-ಮೂರು ಗಂಟೆ ಮಲಗಿಯೂ ದಣಿವಿಲ್ಲ, ಮಾತು ನಿಲ್ಲುವುದಿಲ್ಲ, ದುಡ್ಡು ನೀರಿನಂತೆ ಚೆಲ್ಲುತ್ತಾರೆ. ಪ್ರಚಾರದಲ್ಲಿ ಇದನ್ನು ಹುರುಪು ಎಂದು ಹೊಗಳಿಬಿಡುತ್ತಾರೆ. ಇದೂ ಕಾಯಿಲೆಯ ಲಕ್ಷಣ ಆಗಿರಬಹುದು.

ಎಲ್ಲಕ್ಕಿಂತ ಹತ್ತಿರದ್ದು ಫೋನು: ಟೆಲಿ-ಮಾನಸ್, 14416. 24 ಗಂಟೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು. ಮೊದಲು ಆಪ್ತಸಮಾಲೋಚಕರು ಮಾತಾಡುತ್ತಾರೆ, ಬೇಕಾದರೆ ಮನೋವೈದ್ಯರಿಗೆ ಜೋಡಿಸುತ್ತಾರೆ. ಎದುರು ಕೂತು ಮಾತಾಡಬೇಕೆಂದರೆ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ಆಸ್ಪತ್ರೆಗಳಿವೆ. ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ 'ಮನೋಚೈತನ್ಯ' ದಿನ ಯಾವುದೆಂದು ಅಲ್ಲೇ ವಿಚಾರಿಸಿ. ಮೊದಲ ಭೇಟಿಯಲ್ಲಿ ನಿದ್ದೆ, ಹಸಿವು, ಮನೆ, ಓದು, ಚಟ ಇವುಗಳ ಬಗ್ಗೆ ಕೇಳುತ್ತಾರೆ. ಎಲ್ಲರಿಗೂ ಗುಳಿಗೆ ಕೊಡುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ನಿಮ್ಮ ವಿಷಯ ಗುಟ್ಟಾಗಿರಬೇಕು, ಆಸ್ಪತ್ರೆ ಕಾಲೇಜಿಗೆ ತಿಳಿಸುವಂತಿಲ್ಲ.

ನಡುವೆ ಹಿಂದ ಸರಿಯಬಹುದಾ?

ವಾಪಸ್ ಪಡೆಯುವ ದಿನಾಂಕದೊಳಗೆ ಬರೆದು ಕೊಟ್ಟರೆ ಮುಗಿಯಿತು. ಅದು ದಾಟಿದ್ದರೆ ಹೆಸರು ಮತಪತ್ರದಲ್ಲಿ ಉಳಿಯುತ್ತದೆ, ಪ್ರಚಾರ ನಿಲ್ಲಿಸಲು ಯಾರ ಅಪ್ಪಣೆಯೂ ಬೇಡ. ತಂಡಕ್ಕೆ 'ಆರೋಗ್ಯ ಸರಿ ಇಲ್ಲ' ಎಂಬಷ್ಟೇ ಸಾಕು.

## ಫಲಿತಾಂಶ ಮತ್ತು ಆಮೇಲೆ

ಎಣಿಕೆ ದಿನ ಹ್ಯಾಂಗ ಕಳೀಬೇಕು?

ಎಣಿಕೆ ಕೋಣೆಗೆ ನೀವು ಹೋಗದೆ ಏಜೆಂಟರನ್ನು ಕಳಿಸಿ. ಪ್ರತಿ ಸುತ್ತಿನ ಅಂಕಿ ಬೇಡ, ಕೊನೆಯದು ಮಾತ್ರ ಹೇಳಿ ಎಂದು ಅವರಿಗೆ ಹೇಳಿರಿ. ಮಧ್ಯಾಹ್ನ ಹೊಟ್ಟೆತುಂಬ ಉಣ್ಣಿ. ಗೆದ್ದರೂ ಸೋತರೂ ಹೇಳುವ ಮೂರು ವಾಕ್ಯವನ್ನು ಹಿಂದಿನ ರಾತ್ರಿಯೇ ಬರೆದಿಡಿ. ಸಂಜೆ ಮನೆಗೆ ಯಾರ ಜೊತೆ, ಯಾವ ಗಾಡಿಯಲ್ಲಿ ಎಂಬುದೂ ಮೊದಲೇ ಗೊತ್ತಿರಲಿ. ಕುಡಿದವರ ಬೈಕ್ ಹತ್ತಬೇಡಿ.

ಸೋತೆ. ಬರೇ ಹನ್ನೊಂದು ಓಟು ಬಿದ್ದಾವ. ಕಾಲೇಜಿಗಿ ಹೋಗ್ಲಿಕ್ಕ ಮುಖ ಇಲ್ಲ.

ಮರುದಿನವೇ ಹೋಗಿ, ಒಂದು ತರಗತಿಗಾದರೂ. ಒಂದು ವಾರ ತಪ್ಪಿಸಿದರೆ ಎಂಟನೇ ದಿನ ಗೇಟು ದಾಟುವುದು ಇನ್ನೂ ಕಷ್ಟ. ಜೊತೆಗೆ ಒಬ್ಬರನ್ನು ಕರೆದುಕೊಳ್ಳಿ. ಗೆದ್ದವರಿಗೆ ಕೈಕುಲುಕಿ ಬಂದರೆ ಉಳಿದವರಿಗೆ ಕೆಣಕಲು ಏನೂ ಇರುವುದಿಲ್ಲ. ಯಾರು ಮತ ಹಾಕಲಿಲ್ಲ ಎಂಬ ಪತ್ತೆದಾರಿಕೆ ಬೇಡವೇ ಬೇಡ. ಗುಪ್ತ ಮತದಾನದಲ್ಲಿ ಅದು ಎಂದೂ ಖಾತ್ರಿಯಾಗುವುದಿಲ್ಲ, ಸಂಶಯ ಮಾತ್ರ ಉಳಿಯುತ್ತದೆ. ಮೊದಲ ಮೂರು-ನಾಲ್ಕು ದಿನ ಅಳು, ಸಿಟ್ಟು, ನಾಚಿಕೆ ಬರುವುದು ಸಹಜ. ಸಂಜೆ ಅರ್ಧ ಗಂಟೆ ನಡೆಯಿರಿ, ಕಲಬುರಗಿಯವರಿಗೆ ಅಪ್ಪನ ಕೆರೆ ಇದೆ, ಬೀದರಿನವರಿಗೆ ಕೋಟೆ ಇದೆ. ಎಣಿಕೆಯಲ್ಲಿ ನಿಜಕ್ಕೂ ತಪ್ಪಾಗಿದೆ ಎನಿಸಿದರೆ ಫಲಿತಾಂಶದ ಮೂರು ವಾರದೊಳಗೆ ಕುಂದುಕೊರತೆ ಕೋಶಕ್ಕೆ ಬರೆದು ಕೊಡಬಹುದು. ಎರಡು ದಿನ ಬಿಟ್ಟು, ತಲೆ ತಣ್ಣಗಾದ ಮೇಲೆ ಬರೆಯಿರಿ.

ಸೋತ ಗೆಳೆಯ 'ನಾ ಇರಲ್ಲ' ಅಂತ ಮೆಸೇಜ್ ಹಾಕ್ಯಾನ. ಖರೇನೋ ಸುಳ್ಳೋ?

ಖರೆ ಎಂದೇ ತಿಳಿಯಿರಿ. ಈಗಲೇ ಫೋನ್ ಮಾಡಿ, ಹತ್ತಿರ ಇದ್ದರೆ ಹೋಗಿ. 'ಸಾಯಬೇಕು ಅನಸ್ತಾ ಅದ ಏನು?' ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿ ಸಿಗುತ್ತದೆ. 'ಇಷ್ಟಕ್ಕೆಲ್ಲಾ ಏನು' ಎಂದು ಬುದ್ಧಿ ಹೇಳದೆ ಕೇಳಿಸಿಕೊಳ್ಳಿ. ಗುಟ್ಟು ಕಾಯುತ್ತೇನೆ ಎಂದು ಮಾತು ಕೊಡಬೇಡಿ. ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿ ಹೊಲಕ್ಕೆ ಹೊಡೆಯುವ ಔಷಧಿ ಇದ್ದರೆ ಕೀಲಿ ಹಾಕಿಸಿ ಅಥವಾ ಬೇರೆಡೆ ಸಾಗಿಸಿ. ಆ ಗಳಿಗೆ ದಾಟಿಸುವುದೇ ಎಷ್ಟೋ ಜೀವ ಉಳಿಸುತ್ತದೆ. ಜೊತೆಯಲ್ಲಿ ಕೂತು 14416ಕ್ಕೆ ಕರೆ ಮಾಡಿ, ಮನೆಯವರಿಗೆ, ವಾರ್ಡನ್‌ಗೆ ತಿಳಿಸಿ.

ಏನಾದರೂ ಸೇವಿಸಿದ್ದರೆ ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬೇಡಿ. 108ಕ್ಕೆ ಕರೆ ಮಾಡಿ, ಡಬ್ಬಿಯನ್ನು ಜೊತೆಗೆ ಒಯ್ಯಿರಿ. ಪೊಲೀಸ್ ಕೇಸಿನ ಭಯಕ್ಕೆ ಆಸ್ಪತ್ರೆ ತಡಮಾಡುವವರು ಇದ್ದಾರೆ. 2017ರ ಕಾಯ್ದೆ ಹಾಗೆ ಮಾಡಿಕೊಂಡವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸಿ ಶಿಕ್ಷೆಯಿಂದ ರಕ್ಷಿಸುತ್ತದೆ.

ಗೆದ್ದೆ. ಈಗ ಮುಂಜಾನಿಯಿಂದ ರಾತ್ರಿತನ ಫೋನ್ ನಿಂತಿಲ್ಲ, ಓದು ಪೂರಾ ಹಿಂದ ಬಿದ್ದದ.

ಮೊದಲ ವಾರದಲ್ಲೇ ಹೊತ್ತು ಗೊತ್ತು ಮಾಡಿ ನೋಟಿಸ್ ಬೋರ್ಡಿಗೆ ಹಾಕಿ: ದಿನಾ ಮಧ್ಯಾಹ್ನ ಒಂದು ಗಂಟೆ, ಇಂಥ ಜಾಗದಲ್ಲಿ ಸಿಗುತ್ತೇನೆ. ದೂರುಗಳನ್ನು ಫೋನಿನಲ್ಲಿ ತೆಗೆದುಕೊಳ್ಳದೆ ಒಂದು ವಹಿಯಲ್ಲಿ ಬರೆಸಿ, ತಾರೀಖು ಹಾಕಿ. ಬರೆಯಲು ಹೇಳಿದಾಗ ಅರ್ಧ ಕರೆಗಳು ತಾವಾಗಿ ಕಡಿಮೆಯಾಗುತ್ತವೆ. ಬಿಟ್ಟುಹೋದ ಪಾಠಗಳಿಗೆ ಹಿಂದಿನ ನೋಟ್ಸೆಲ್ಲ ಒಮ್ಮೆಗೇ ಬರೆಯಲು ಕೂರಬೇಡಿ. ಇವತ್ತಿನ ಪಾಠ ಇವತ್ತೇ ಓದಿ, ಅದರ ಮೇಲೆ ದಿನಕ್ಕೆ 45 ನಿಮಿಷ ಹಳೆಯದಕ್ಕೆ, ಮೊದಲು ಇಂಟರ್ನಲ್ಲಿಗೆ ಬರುವ ಘಟಕಗಳು. ಪ್ರಾಕ್ಟಿಕಲ್ ರೆಕಾರ್ಡಿಗೆ ಲ್ಯಾಬಿನ ಸರ್ ಅಥವಾ ಮೇಡಂ ಹತ್ತಿರ ಈ ವಾರವೇ ಹೋಗಿ ಯಾವ ಪ್ರಯೋಗ ಬಾಕಿ ಎಂದು ಕೇಳಿ. ಸೆಮಿಸ್ಟರ್ ಕೊನೆಯಲ್ಲಿ ಹೋದರೆ ಬ್ಯಾಚ್ ಸಿಗುವುದಿಲ್ಲ.